ವಂದನಾರ್ಪಣೆ ಮಾಡಾಕಿ

ನಮ್ಮ ಕಾಲನಿ ಉದ್ಯಾನ ಸಮಿತಿಯೊಳಗ ನನ್ನ ಪಾಲಿಗೆ ಬಂದ ಕೆಲಸ ವಂದನಾರ್ಪಣೆ. ಗಿಡಾ ಹಚ್ಚಾಕ ನಾ ಬೇಕು, ನೀರಿನ ಟ್ಯಾಂಕರ್ ಹಿಂದ ಓಡಾಕ ನಾ ಬೇಕು, ಕಸದ ಗಾಡಿಯವರ ಕೂಡ ಜಗಳಾ ತಗಿಯಾಕ ನಾ ಬೇಕು. ಮೈಕ್ ಬಂತಂದ್ರ ಮಾತ್ರ ಪ್ರಾರ್ಥನಾ ಬಾಜೂ ಮನಿ ವೈನಿಗೆ, ವಂದನಾರ್ಪಣೆ ನನಗ, ನಡುವಿನ ಮಾತೆಲ್ಲಾ ಗಂಡಸರಿಗೆ. ಹೆಣ್ಮಕ್ಕಳಿಗೂ ಅವಕಾಶ ಕೊಟ್ಟೇವಿ ಅಂತ ಹೇಳ್ಕೊಳ್ಳಾಕ ಅವರಿಗೆ ಅಷ್ಟು ಸಾಕಾಗಿತ್ತು. ಸುರುವಿಗೆ ನನಗ ಸಿಟ್ಟು ಬರತಿತ್ತು. ಈ ಮಂದಿ ತಿಳೀಲಾರದ ನನ್ನ ಕೈಯಾಗ ಏನು ಕೊಟ್ಟಾರ ಅನ್ನೋದು ಆಮ್ಯಾಲ ಗೊತ್ತಾತು.

ನಮ್ಮ ಧಾರವಾಡದಾಗ ವಂದನಾರ್ಪಣೆಗೆ ಒಂದು ಮರ್ಯಾದಿ ಐತಿ. ಅದಾತಂದ್ರ ಕಾರ್ಯಕ್ರಮ ಮುಗೀತು. ಎಂಥಾ ದೊಡ್ಡ ಮನಷ್ಯಾ ಇದ್ರೂ ಅದರ ಮ್ಯಾಲ ಮೈಕ್ ಹಿಡಿಯಂಗಿಲ್ಲ. ಹಿಡಿದ್ರ, ಉಂಡು ಕೈ ತೊಳಕೊಂಡಾಂವ ಮತ್ತ ಎಲಿ ಮುಂದ ಬಂದು ಕುಂತಂಗ, ಮಂದಿ ನಗತಾರ. ಆದ್ರ ಮರ್ಯಾದಿ ಐತಿ ಅಂತ ಯಾರೂ ಅದನ್ನ ಕೇಳಂಗಿಲ್ಲ ಮತ್ತ. ವಂದನಾರ್ಪಣೆ ಅಂತ ಕಿವೀಗೆ ಬೀಳೋದ ತಡ, ಕಾಲು ಚಪ್ಪಲ್ ಹುಡಕತಾವ, ಮೂಗು ಉಪ್ಪಿಟ್ಟಿನ ಕಡೆ ತಿರಗತೈತಿ. ಮುಖ್ಯ ಅತಿಥಿಗಳಿಗೆ, ಮೈಕ್ ಕೊಟ್ಟವರಿಗೆ, ಪೆಂಡಾಲ್ ಹಾಕಿದವರಿಗೆ ಅಂತ ನಾ ಹೇಳಕೋತ ಹೋದ್ರ ಮಂದಿ ಆಗಲೇ ಉಪ್ಪಿಟ್ಟಿನ ಪಾತೇಲಿ ಮುಂದ ಪಾಳಿ ಹಚ್ಚಿರತಿದ್ರು. ಕಡೀ ವಂದನಾ ನಾ ಖಾಲಿ ಕುರ್ಚಿಗೆ ಹೇಳಿದ್ದೂ ಐತಿ.

ನಮ್ಮ ಕಾಲನಿ ಕೆಲಗೇರಿ ಕಡೆ ಹೋಗೋ ದಾರ್ಯಾಗ ಬರತೈತಿ. ನಾವು ಮನಿ ಕಟ್ಟಿಸಿ ಬಂದಾಗ, ಉದ್ಯಾನಕ್ಕಂತ ನಡುವ ಬಿಟ್ಟ ಜಾಗಾದಾಗ ಕಾಂಗ್ರೆಸ್ ಕಸ ಎದೀಮಟ ಬೆಳದು ನಿಂತಿತ್ತು. ಮನಿ ಕಟ್ಟಿದವರೆಲ್ಲಾ ಒಡದ ಫರ್ಸಿ, ಬಣ್ಣದ ಡಬ್ಬಿ, ಹಳೇ ಕಮೋಡ್ ಸೈತ ತಂದು ಅಲ್ಲೇ ಒಗದಿದ್ರು. ಇದಕ್ಕೊಂದು ಸಮಿತಿ ಮಾಡೋಣು, ಮೈ ಮುರದು ಕೆಲಸಾ ಮಾಡೋರು ಹೆಸರು ಕೊಡ್ರಿ ಅಂತ ಒಂದು ಸಲ ಗಣಪತಿ ಪೆಂಡಾಲಿನಾಗ ಯಾರೋ ಅಂದ್ರು. ಗಂಡಸರೆಲ್ಲಾ ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ರು. ನಾ ಕೈ ಎತ್ತಿದೆ. ನಾ ಗರಗದ ಒಕ್ಕಲುತನದ ಮನಿ ಹುಡಿಗಿ, ಮಣ್ಣು ಮುಟ್ಟದ ದಿನಾ ನನಗ ಊಟಾ ರುಚಿ ಹತ್ತಂಗಿಲ್ಲ. ನಮ್ಮ ಮನಿಯವರದು ಅಮರಗೋಳದ ಮಾರ್ಕೆಟ್ಟಿನಾಗ ಕಾಳಿನ ಯಾಪಾರ, ಮುಂಜಾನೆ ಹೋದ್ರ ಸಂಜೀಕೆ ಬರತಾರ. ಹೆಸರು ಕೊಟ್ಟು ಬಂದೇನಿ ಅಂದಾಗ ನಕ್ಕು, ಊರಿಗೆ ಉಪಕಾರಿ ಮನಿಗೆ ಮಾರಿ ಆಗಬ್ಯಾಡ ಮತ್ತ ಅಂದ್ರು. ಅಂದವರ ಮರುದಿನಾ ಫರ್ಸಿ ಎತ್ತಾಕ ತಮ್ಮ ಅಂಗಡಿ ಹಮಾಲರನ್ನ ಕಳಿಸಿದ್ರು.

ಅಧ್ಯಕ್ಷರು ಯಾರು ಅಂತ ಕೇಳೋದ ಬೇಕಾಗಿರಲಿಲ್ಲ. ಮೂಲೀ ಮನ್ಯಾಗ ಒಬ್ಬರು ನಿವೃತ್ತ ಎಂಜಿನಿಯರ್ ಸಾಹೇಬ್ರು ಇದ್ರು. ಅವರು ನೌಕರಿ ಬಿಟ್ರೂ ನೌಕರಿ ಅವರನ್ನ ಬಿಟ್ಟಿರಲಿಲ್ಲ. ನಾವು ಹೆಣ್ಮಕ್ಕಳು ಸೆರಗ ಸೊಂಟಕ್ಕ ಕಟ್ಟಿ ಕಸಾ ಕಿತ್ತು ಹಾಕೂದ್ರಾಗ, ಅವರು ಕೈ ಹಿಂದ ಕಟ್ಟಿಕೊಂಡು ಬಂದು, ಹೂಂ ಕೆಲಸಾ ಚಾಲೂ ಐತಿ ಅಂತ ಅಂದು ಹೋಗತಿದ್ರು. ಯಾರಿಗೆ ಹೇಳಿದ್ರೋ ಏನೋ. ಕಸಾ ಎಲ್ಲಾ ಹೋಗಿ, ಮಣ್ಣು ಬಂದು, ಬೇವು ಹೊಂಗಿ ನಾಟಿ ಆಗಿ, ಸುತ್ತಲೂ ನಡಿಯಾಕ ಸಪಾಟ್ ಹಾದಿ ಆದ ಮ್ಯಾಲ, ನಟ್ಟನಡುವ ಒಂದು ಹುಲ್ಲಿನ ಹಾಸಿಗಿ ಮಾಡಿಸಿ, ಅದರ ಸುತ್ತ ಗುಲಾಬಿ ಹಚ್ಚಿಸಿ, ತಮ್ಮ ಹೆಸರಿನ ಫಲಕಾ ನಿಂದ್ರಿಸಿದ್ರು. ನಾನು ನಕ್ಕು ಬಿಟ್ಟೆ. ಹೆಸರು ಹಾಕ್ಕೊಳ್ಳಲಿ ಬಿಡು, ನೆರಳು ಎಲ್ಲಾರಿಗೂ ಬೀಳತೈತಿ ಅಂತ ಅನ್ಕೊಂಡಿದ್ದೆ. ಅಲ್ಲೇ ತಪ್ಪಿದೆ ಅಂತ ನಾ ಅನ್ನಂಗಿಲ್ಲ. ತಪ್ಪು ಅವರದು, ಅವರದ ಇರ್ಲಿ.

ಉದ್ಯಾನದ ಹಿಂದ ಒಂದು ಹಳೇ ಓಣಿ ಐತಿ. ನಮ್ಮ ಕಾಲನಿ ಹುಟ್ಟೂಕಿಂತ ಎಷ್ಟೋ ಮೊದಲಿಂದು. ಆ ಕಡೆ ಗ್ವಾಡ್ಯಾಗ ಒಂದು ಸಣ್ಣ ಕಬ್ಬಿಣದ ಬಾಗಲಾ ಇತ್ತು, ಅದರ ಎದುರ ಮನಿ ಅಕ್ಕೋರದು. ಮಿಷನ್ ಸಾಲ್ಯಾಗ ಕನ್ನಡಾ ಕಲಿಸಿ ನಿವೃತ್ತಿ ಆದವರು. ಲಗ್ನ ಮಾಡಿಕೊಂಡಿರಲಿಲ್ಲ, ತಮ್ಮನ ಮಗಳ ಕೂಡ ಇರತಿದ್ರು. ಐತವಾರ ಇಸ್ತ್ರಿ ಮಾಡಿದ ಬಿಳೀ ಸೀರಿ ಉಟ್ಟು ಚರ್ಚಿಗೆ ಹೊಂಟ್ರಂದ್ರ ಓಣೀ ನಾಯಿ ಸೈತ ಎದ್ದು ದಾರಿ ಬಿಡತಿದ್ವು. ಅಂಥಾ ಮನಷ್ಯಾಳಿಗೆ ಒಂದು ದಿನಾ ಲಕ್ವಾ ಹೊಡೀತು. ಮಾತು ಉಳೀತು, ಎಡಗಾಲು ಎಳೀತು. ದಿನಾ ಮುಂಜಾನೆ ಸಂಜೀಕೆ ಸಪಾಟ್ ನೆಲದ ಮ್ಯಾಲ ನಡದ್ರ ಕಾಲು ಉಳೀತೈತಿ, ಕುಂತ್ರ ಹೋತು ಅಂತ ಡಾಕ್ಟರು ಖಡಕ್ ಆಗಿ ಹೇಳಿದ್ರು. ಓಣಿ ನೋಡಿದ್ರ ಏರು, ಮ್ಯಾಲ ಎದ್ದ ಕಲ್ಲು. ಸಪಾಟ್ ನೆಲಾ ಅಂದ್ರ ನಮ್ಮ ಉದ್ಯಾನದ ಹಾದಿ ಒಂದ.

ಆ ಬಾಗಲದಿಂದ ಅಕ್ಕೋರು ಬರಾಕ ಸುರು ಮಾಡಿದ್ರು. ಮೊದಮೊದಲು ನನ್ನ ರಟ್ಟಿ ಹಿಡದು, ಆಮ್ಯಾಲ ಕೋಲು ಹಿಡದು. ಬರತಾ ಬರತಾ ಕೋಲು ನನ್ನ ಕೈಯಾಗ ಕೊಟ್ಟು, ಹಿಡಕೋ ಸುಮ್ಮ, ಬೇಕಂದಾಗ ಕೊಡು ಅಂತ ತಾವ ಮುಂದ ಹೋಗಾಕತ್ತಿದ್ರು. ನಡಕೋತ ನನ್ನ ಮಾತು ತಿದ್ದತಿದ್ರು. ಒಮ್ಮೆ ನನ್ನ ವಂದನಾರ್ಪಣೆ ಗ್ವಾಡೀ ಆಚೆಯಿಂದ ಕೇಳಿಸಿಕೊಂಡಿದ್ರಂತ, ಮರುದಿನಾ ಎದುರಾದವರ ಅಂದ್ರು:

“ಏನ ತಂಗಿ, ಬಸ್ಸು ತಪ್ಪತೈತಿ ಅನ್ನೋರ ಗತೆ ಹೇಳತೀಯಲ್ಲ. ಯಾರಿಗೆ ವಂದನಾ ಹೇಳತಿ, ಅವರ ಮಾರಿ ನೋಡಿ ಹೇಳು. ಒಂದು ಮಾತು ಹೇಳಿ, ಅದು ಅವರ ಕಿವ್ಯಾಗ ಇಳಿಯೂ ಮಟಾ ತಡಿ.”

ಸಾಲಿ ಮಕ್ಕಳಿಗೆ ಕಲಿಸಿದಂಗ ಕಲಿಸಿದ್ರು. ಬೇವಿನ ಗಿಡದ ಬುಡಕ ನಿಂತು ಗಿಡಕ್ಕ ವಂದನಾ ಹೇಳು ಅಂದ್ರು, ನಾ ಹೇಳಿದೆ. ಮಂದಿ ನೋಡಿ ನಕ್ಕಿದ್ರೂ ನಕ್ಕಿರಬೇಕು. ನನಗ ನಮ್ಮವ್ವ ಹೋದ ಮ್ಯಾಲ ಹಂಗ ನಿಂದ್ರಿಸಿ ತಿದ್ದೋರು ಯಾರೂ ಇರಲಿಲ್ಲ, ಆ ತಿರಗಾಟ ನನಗ ಅಗದಿ ಬೇಕಾಗಿತ್ತು.

ಅಷ್ಟರಾಗ ಗರಗದಾಗ ನನ್ನ ತಮ್ಮನ ಮಗಳ ಲಗ್ನ ಬಂತು. ತವರಮನಿ ಲಗ್ನ, ಹಂದರಾ ಹಾಕೋದರಿಂದ ಹಿಡದು ಬೀಗರನ್ನ ಕಳಿಸೋ ಮಟಾ ನಾ ಅಲ್ಲೇ ಉಳದೆ. ಬಂದ ದಿನಾ ಸಂಜೀಕೆ ಉದ್ಯಾನಕ್ಕ ಹೋದ್ರ ಹಿಂದಿನ ಬಾಗಲಾ ಇಲ್ಲ. ಕಬ್ಬಿಣದ ಬಾಗಲಾ ಕಿತ್ತು ಒಳಗ ಮೂಲ್ಯಾಗ ಒರಗಿಸಿ ನಿಂದ್ರಿಸಿದ್ರು. ಅದರ ಜಾಗಾದಾಗ ಇಟ್ಟಂಗಿ ಗ್ವಾಡಿ, ಸಿಮೆಂಟ್ ಇನ್ನೂ ಹಸೀ ಇತ್ತು. ನಾ ಅದರ ಮ್ಯಾಲ ಕೈ ಇಟ್ಟೆ. ಆಚೆ ಕಡೆ ಅಕ್ಕೋರ ಮನ್ಯಾಗ ಕುಕ್ಕರ್ ಸೀಟಿ ಹೊಡದದ್ದು ಕೇಳಸ್ತು.

ಚಪ್ಪಲ್ ಮೆಟ್ಟಿದಾಕಿ ನೆಟ್ಟಗ ಸಾಹೇಬರ ಮನಿಗೆ ಹೋದೆ. ಯಾಕ್ರಿ ಹಿಂಗ ಅಂತ ಕೇಳಿದೆ. ಹಿಂದಿನ ಓಣಿ ಮಂದಿ ಬಂದು ಹುಲ್ಲು ತುಳೀತಾರ, ಗುಲಾಬಿ ಹರೀತಾರ, ಸೆಕ್ಯುರಿಟಿ ಅಂತ ಒಂದು ಇರತೈತಿಲ್ರಿ ಅಂದ್ರು. ಅಕ್ಕೋರು ನಡಿಯೋದು ಹೆಂಗ್ರಿ ಅಂದ್ರ, ಮುಂದಿನ ಗೇಟ್ ಐತಲ್ರಿ, ಸುತ್ತು ಹಾಕಿ ಬರ್ಲಿ ಅಂದ್ರು. ಆ ಸುತ್ತು ಅಂದ್ರ ದೊಡ್ಡ ರಸ್ತಾ, ಲಾರಿ ಬಸ್ಸು ಓಡ್ಯಾಡೋ ರಸ್ತಾ. ನಾ ದನಿ ಏರಿಸಿದೆ. ಅವರು ಏರಿಸಲಿಲ್ಲ. ಚಷ್ಮಾ ತಗದು ಅಂಗಿಲೆ ವರಸಿಕೋತ ಅಂದ್ರು:

“ಸಭಾದ ನಿರ್ಣಯ ಅಕ್ಕಾರ. ಚಪ್ಪಾಳಿ ಬಿದ್ದೈತಿ.”

ಇದೊಂದು ನಮ್ಮ ಸಮಿತಿ ರೂಢಿ. ಕೈ ಎತ್ತೋದಿಲ್ಲ, ಮತಾ ಹಾಕೋದಿಲ್ಲ. ಬಾಜೂ ಬಾಜೂ ಮನ್ಯಾಗ ಇರೋ ಮಂದಿ, ಎದುರ ಕುಂತು ಒಲ್ಲೆ ಅನ್ನಾಕ ಎಲ್ಲಾರಿಗೂ ಮಾರಿ ಅಡ್ಡ ಬರತೈತಿ. ಅದಕ್ಕ ಅಧ್ಯಕ್ಷರು ಒಂದು ಮಾತು ಹೇಳಿ, ಚಪ್ಪಾಳಿ ಮೂಲಕ ಒಪ್ಪಿಗಿ ಕೊಡೋಣು ಅಂತಾರ. ಒಬ್ಬಾಂವ ಹೊಡದ್ರ ಎಲ್ಲಾರೂ ಹೊಡಿತಾರ. ಚಪ್ಪಾಳಿ ಬಿತ್ತಂದ್ರ ಪಾಸ್. ನಾ ಗರಗದಾಗ ಅಕ್ಕಿಕಾಳು ಹಾಕಿ ಬೀಗರನ್ನ ಕಳಿಸೂದ್ರಾಗ ಇಲ್ಲಿ ಅಕ್ಕೋರ ಕಾಲಿನ ಮ್ಯಾಲ ಚಪ್ಪಾಳಿ ಬಿದ್ದು ಹೋಗಿತ್ತು.

ಮೆಂಬರರ ಮನಿ ಮನಿ ತಿರಗಿದೆ. ಒಬ್ಬರು, ಖರೇ ಅಕ್ಕಾರ ತಪ್ಪಾತು, ಆದ್ರ ಈಗೇನು ಮಾಡೋದು ಅಂದ್ರು. ಇನ್ನೊಬ್ಬರು ಹಿಂದ ಯಾವ ಬಾಗಲಾ ಇತ್ತ್ರಿ ಅಂತ ನನ್ನ ಕೇಳಿದ್ರು. ಚಹಾ ಎಲ್ಲಾರ ಮನ್ಯಾಗೂ ಕೊಟ್ರು. ದೇವರು ವರಾ ಕೊಟ್ರೂ ಪೂಜಾರಿ ಕೊಡವಲ್ಲ ಅಂತಾರಲ್ಲ, ಹಂಗ ಡಾಕ್ಟರು ಕಾಲು ಉಳೀತೈತಿ ಅಂದ್ರೂ ನಮ್ಮ ಸಮಿತಿ ಉಳಸಾಕ ತಯಾರಿರಲಿಲ್ಲ. ವೈನಿ ಒಬ್ಬಾಕೀನ ಕಣ್ಣಾಗ ನೀರು ತಂದು, ನಾನೂ ಚಪ್ಪಾಳಿ ಹೊಡದೆ ನೋಡ ತಂಗಿ, ಏನಂತ ತಿಳೀಲಿಲ್ಲ, ಎಲ್ಲಾರೂ ಹೊಡದ್ರು ಅಂದ್ಳು. ಆಕಿ ಮ್ಯಾಲ ನನಗ ಸಿಟ್ಟು ಬರಲಿಲ್ಲ.

ಅಕ್ಕೋರು ಹಟಮಾರಿ ಹೆಣ್ಮಗಳು. ಗ್ವಾಡಿ ಕಟ್ಟಿದ್ರ ಏನಾತು, ನಾ ನಡಿಯೋದು ಬಿಡಂಗಿಲ್ಲ ಅಂತ ಕೋಲು ಹಿಡದು ಸುತ್ತು ಹಾಕಿ ಬರಾಕತ್ತಿದ್ರು. ನಾ ಹೋಗಿ ಕರಕೊಂಡು ಬರತಿದ್ದೆ. ಒಂದು ಮುಂಜಾನೆ ನನಗ ಜ್ವರ ಬಂದು ಹೋಗಾಕ ಆಗಲಿಲ್ಲ. ಹಿಂದಿಂದ ಬಂದ ಬಸ್ಸಿನ ಹಾರ್ನಿಗೆ ದಡಬಡಿಸಿ ಅಕ್ಕೋರು ಗಟಾರದ ಅಂಚಿಗೆ ಸರದ್ರಂತ. ಅಲ್ಲೇ ಕಾಲು ಜಾರಿ ಬಿದ್ರು. ತೊಡೀ ಎಲವು ಮುರೀತು, ಅದೂ ಛಲೋ ಇದ್ದ ಬಲಗಾಲಿಂದು. ಬಸ್ಸು ತನ್ನ ಪಾಡಿಗೆ ತಾ ಹೋತು. ದವಾಖಾನ್ಯಾಗ ನಾ ಹೋಗಿ ನಿಂತಾಗ ಅಕ್ಕೋರು ಅತ್ತಿರಲಿಲ್ಲ. ನನ್ನ ಚಪ್ಪಲ್ ಗಟಾರದಾಗ ಬಿತ್ತು ತಂಗಿ, ಹೊಸಾವು ಅವು ಅಂದ್ರು. ಅತ್ತಾಕಿ ನಾನು.

ಆ ವಾರನ ಸಮಿತಿ ಮೀಟಿಂಗ್ ಇತ್ತು. ಹೋಗಬಾರದು ಅಂತ ಇದ್ದೆ, ಆದ್ರ ಯಾರರ ಒಬ್ಬರು ಬಾಗಲದ ಮಾತು ತಗೀತಾರೇನೋ ಅಂತ ಆಶಾ ಇಟಗೊಂಡು ಹೋದೆ. ವೈನಿ ತಗದ್ಳು, ಪಾಪ. ಅಕ್ಕೋರು ಬಿದ್ದಾರ, ಆ ಬಾಗಲಾ ತಗಸಬೇಕಿತ್ರಿ ಅಂತ ಅಂಜಕೋತ ಅಂದ್ಳು. ಸಾಹೇಬ್ರು ಕುರ್ಚಿಗೆ ಆತು ಕುಂತು ಎಲ್ಲಾರ ಕಡೆ ನೋಡಿ ನಗಕೋತ ಅಂದ್ರು:

“ನೆಟ್ಟಗ ಕಾಲು ಇಲ್ಲದಾಕಿಗೆ ವಾಕಿಂಗ್ ಯಾಕ ಬೇಕಾಗಿತ್ತು?”

ಮಂದಿ ನಕ್ರು. ಜೋರಾಗಿ ಅಲ್ಲ, ದೊಡ್ಡವರು ಚಾಷ್ಟಿ ಮಾಡ್ಯಾರ ನಗಬೇಕು ಅಂತ ನಗತಾರಲ್ಲ, ಹಂಗ. ಎದ್ದು ಅವರ ಚಷ್ಮಾ ಕಿತ್ತು ಒಗೀಬೇಕು ಅನಸ್ತು. ಒಗೀಲಿಲ್ಲ. ಕಡೀಕ ಎದ್ದು ನಿಂತು, ನನ್ನ ಪಾಳಿ ಬಂದಾಗ, ಎಲ್ಲಾರಿಗೂ ವಂದನೆಗಳು ಅಂತ ಹೇಳಿ ಮನಿಗೆ ಬಂದೆ. ಅವತ್ತ ನಾ ನಿಚ್ಚಳಾಗಿ ಅನ್ಕೊಂಡೆ, ಈ ಮನಷ್ಯಾನ್ನ ನಾ ಬಿಡಂಗಿಲ್ಲ. ಬಾಗಲಾ ತಗಸೋದು ಒಂದು, ಆ ನಗೀಗೆ ಉತ್ತರ ಕೊಡೋದು ಇನ್ನೊಂದು. ಎರಡೂ ಆಗಬೇಕು.

ಮನಿಯವರು ರಾಜೀನಾಮೆ ಕೊಟ್ಟು ಬಿಡು ಅಂದ್ರು. ಬಿಟ್ರ ಅವರಿಗೇನು, ಇನ್ನೊಬ್ಬಾಕಿ ವಂದನಾರ್ಪಣೆ ಮಾಡತಾಳ ಅಂದೆ. ಅವರು ಊಟಾ ಮುಗಿಸಿ ಅಡಿಕಿ ಕತ್ತರಿಸಕೋತ ನಮ್ಮ ಮಾರ್ಕೆಟ್ಟಿನ ಮಾತು ಒಂದು ಹೇಳಿದ್ರು. ಕಾಳಿನ್ಯಾಗ ಮಣ್ಣು ಕಲಸಿ ತಂದಾಂವಗ ಯಾವ ಶಾಣ್ಯಾ ಯಾಪಾರಿನೂ ಬೈಯಂಗಿಲ್ಲಂತ. ಗಾದಿ ಮ್ಯಾಲ ಕುಂಡ್ರಿಸಿ, ಚಹಾ ಹೇಳಿ, ನಾಕು ಮಂದಿ ಯಾಪಾರಸ್ಥರನ್ನ ಕರದು, ಎಂಥಾ ಛಲೋ ಮಾಲ ತಂದಾರ ನೋಡ್ರಿ ಯಜಮಾನ್ರು ಅಂತ ಅವರ ಮುಂದ ಚೀಲಾ ಸುರವತಾರಂತ. ಬೈದ್ರ ಅಂವ ತಿರುಗಿ ಬೈತಾನ, ಹೊಗಳಿದ್ರ ಏನು ಮಾಡತಾನ ಅಂದ್ರು. ಹೇಳಿ ಮಲಗಾಕ ಹೋದ್ರು. ನಾ ಅದನ್ನ ಮನಸಿನ್ಯಾಗ ಇಟಗೊಂಡೆ.

ಅಷ್ಟೂ ದಿನಾ ಸುಮ್ನ ಕುಂತಿದ್ದೆ ಅನ್ನಬ್ಯಾಡ್ರಿ. ಗುಲಾಬಿಗೆ ನೀರು ಹಾಕೋದು ಬಿಟ್ಟೆ. ಇಡೀ ಉದ್ಯಾನಕ್ಕ ಪೈಪ್ ಹಿಡದು ನೀರು ಬಿಡತಿದ್ದಾಕಿ ನಾನ, ಬೇವಿಗೆ ಬಿಟ್ಟೆ, ಹೊಂಗಿಗೆ ಬಿಟ್ಟೆ, ಗುಲಾಬಿ ಹಂತೇಕ ಬಂದಾಗ ಪೈಪ್ ಮಡಚಿ ಹಿಡದು ದಾಟಿ ಹೋದೆ. ಗುಲಾಬಿ ಒಣಗಿ ಕಟಗಿ ಆದ್ವು. ಗಿಡಾ ಏನು ತಪ್ಪು ಮಾಡಿತ್ತು ಅಂತ ವೈನಿ ಕೇಳಿದ್ಳು. ಏನೂ ಮಾಡಿರಲಿಲ್ಲ. ಆದ್ರೂ ಆ ಫಲಕದ ಕೆಳಗ ಒಂದೊಂದ ಎಲಿ ಉದರೋದು ನೋಡಿದ್ರ ನನ್ನ ಊಟಾ ಒಂದು ತುತ್ತು ಜಾಸ್ತಿ ಇಳೀತಿತ್ತು.

ಚಳಿಗಾಲದಾಗ ಉದ್ಯಾನಕ್ಕ ವ್ಯಾಯಾಮದ ಸಾಮಾನು ಬಂದ್ವು. ಕೈಲೆ ತಿರುವೋ ಚಕ್ರ, ಕಾಲಿಲೆ ತುಳಿಯೋ ಪಟ್ಟಿ, ಹಳದಿ ಕೆಂಪು ಬಣ್ಣದ್ದು. ಉದ್ಘಾಟನಾ ಇಟಗೊಂಡ್ರು. ಕಾರ್ಪೊರೇಟರು ಮುಖ್ಯ ಅತಿಥಿ, ಅವರ ಕೈಲೆ ಸಾಹೇಬರಿಗೆ ಸನ್ಮಾನ. ಶಾಲು, ಪೇಟಾ, ಹಣ್ಣಿನ ಬುಟ್ಟಿ. ಪ್ರಾರ್ಥನಾ ವೈನಿ, ವಂದನಾರ್ಪಣೆ ನಾನು. ಸಾಹೇಬ್ರು ತಾವ ಫೋನ್ ಮಾಡಿ, ಅಕ್ಕಾರ, ಎಲ್ಲಾರ ಹೆಸರೂ ತಗೋರಿ, ಯಾರನ್ನೂ ಬಿಡಬ್ಯಾಡ್ರಿ ಮತ್ತ ಅಂದ್ರು. ಇಲ್ರಿ ಸಾಹೇಬ್ರ, ಯಾರನ್ನೂ ಬಿಡಂಗಿಲ್ಲ ಅಂತ ನಾ ಹೇಳಿದೆ.

ಆದ್ರ ಮಂದಿ ಕೇಳಬೇಕಲ್ಲ. ಅಲ್ಪೋಪಹಾರದ ಜವಾಬ್ದಾರಿ ಹೆಣ್ಮಕ್ಕಳದು, ಅದರೊಳಗ ವೈನಿ ಮುಂದ. ಉಪ್ಪಿಟ್ಟು, ಶಿರಾ, ಮಿರ್ಚಿ ಅಂತ ಆಗಿತ್ತು. ನಾ ವೈನಿ ಅಡಗಿಮನ್ಯಾಗ ಕುಂತು ಮೆಣಸಿನಕಾಯಿ ಸೀಳಕೋತ ಕೇಳಿದೆ, ನಾ ಮೈಕ್ ಬಿಡೋ ಮಟಾ ಪಾತೇಲಿ ಮುಚ್ಚಳಾ ತಗೀಬ್ಯಾಡ, ಯಾರ ಬಂದು ಕೇಳಿದ್ರೂ. ಆಕಿ ಯಾಕ ಅಂತ ಕೇಳಲಿಲ್ಲ. ಮುಚ್ಚಳದ ಮ್ಯಾಲ ನಾನ ಕುಂಡ್ರತೇನಿ ತಂಗಿ ಅಂದ್ಳು. ಅಕ್ಕೋರನ್ನ ಕರಕೊಂಡು ಬರೋ ಕೆಲಸಾ ಅವರ ತಮ್ಮನ ಮಗಳಿಗೆ ಹೇಳಿದೆ. ಗಾಲಿ ಕುರ್ಚಿ ತಳ್ಳಕೋತ, ದೊಡ್ಡ ರಸ್ತಾದ ಮ್ಯಾಲ ಸುತ್ತು ಹಾಕಿ, ಮುಂದಿನ ಗೇಟಿನಿಂದ ತರಬೇಕಾತು.

ಪೆಂಡಾಲ್ ತುಂಬಿತ್ತು. ಅಕ್ಕೋರು ಮೊದಲನೇ ಸಾಲಿನ್ಯಾಗ ಬಿಳೀ ಸೀರ್ಯಾಗ ಕುಂತಿದ್ರು, ಕಾಲಿನ ಮ್ಯಾಲ ಶಾಲು. ಭಾಷಣಾ ಆದ್ವು. ಸಾಹೇಬರಿಗೆ ಪೇಟಾ ಸುತ್ತಿದ್ರು, ಅದು ಒಂದು ಕಡೆ ವಾಲಿ ಕಿವಿ ಮುಚ್ಚಿತ್ತು. ಅವರು ಉದ್ಯಾನ ಕಟ್ಟಿದ ಕಥಿ ಹೇಳಿದ್ರು, ಕೇಳಿದ್ರ ಕಾಂಗ್ರೆಸ್ ಕಸಾ ಅವರ ಹಲ್ಲಿಲೆ ಕಿತ್ತಾರೇನೋ ಅನಸ್ತಿತ್ತು. ಆಮ್ಯಾಲ ನನ್ನ ಹೆಸರು ಕರದ್ರು. ಮಂದಿ ಎದ್ರು. ಪಾತೇಲಿ ಹಂತೇಕ ಹೋದವರಿಗೆ ವೈನಿ, ಇನ್ನೂ ಆಗಿಲ್ರಿ, ಕುಂಡ್ರಿ ಅಂತ ಹೇಳಿ ವಾಪಸ್ ಕಳಿಸಿದ್ಳು. ಮಿರ್ಚಿ ವಾಸನಿ ಬರಾಕತ್ತಿತ್ತು, ಬಿಟ್ಟು ಮನಿಗೆ ಹೋಗಾಕ ಮನಸಿಲ್ಲ, ತಿರುಗಿ ಬಂದು ಕುಂತ್ರು.

ನಾ ಅಗದಿ ಪುಸ್ತಕದ ಕನ್ನಡದಾಗ ಸುರು ಮಾಡಿದೆ. ಮುಖ್ಯ ಅತಿಥಿಗಳಿಗೆ, ಪೆಂಡಾಲಿನವರಿಗೆ, ಮೈಕಿನವರಿಗೆ. ಆಮ್ಯಾಲ ಸಾಹೇಬರ ಕಡೆ ತಿರುಗಿ, ಅಕ್ಕೋರು ಕಲಿಸಿದಂಗ ಅವರ ಮಾರಿ ನೋಡಿದೆ.

“ನಮ್ಮ ಅಧ್ಯಕ್ಷರಿಗೆ ಎಷ್ಟು ವಂದನೆ ಸಲ್ಲಿಸಿದರೂ ಕಡಿಮೆಯೇ. ಹುಲ್ಲು ಹಾಳಾಗಬಾರದೆಂದು ಅವರು ಉದ್ಯಾನದ ಹಿಂದಿನ ಬಾಗಿಲನ್ನು ಕಿತ್ತಿಸಿ ಗೋಡೆ ಕಟ್ಟಿಸಿದರು. ಅದಕ್ಕಾಗಿ ಅವರಿಗೆ ವಂದನೆಗಳು. ಆ ಬಾಗಿಲಿನಿಂದ ದಿನಾಲೂ ಬಂದು ನಡೆಯುತ್ತಿದ್ದ ನಮ್ಮ ಅಕ್ಕೋರು, ದೊಡ್ಡ ರಸ್ತೆಯನ್ನು ಸುತ್ತಿ ಬರುವಾಗ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಅವರು ಇಲ್ಲೇ ಮೊದಲ ಸಾಲಿನಲ್ಲಿ ಕುಳಿತಿದ್ದಾರೆ.”

ತಡದೆ. ಚಪ್ಪಲ್ ಹುಡುಕೋ ಸಪ್ಪಳ ನಿಂತಿತು. ಕಾರ್ಪೊರೇಟರು ಬಗ್ಗಿ ಅಕ್ಕೋರ ಕಡೆ ನೋಡಿದ್ರು. ಅಕ್ಕೋರು ಯಾರನ್ನೂ ನೋಡಲಿಲ್ಲ, ನನ್ನ ನೋಡಾಕತ್ತಿದ್ರು, ಮುಂದ ಹೇಳು ಅನ್ನೋ ಗತೆ.

“ಆ ಸುದ್ದಿ ಕೇಳಿ ಅಧ್ಯಕ್ಷರು ಸಭೆಯಲ್ಲಿ ಒಂದು ಮಾತು ಹೇಳಿದರು. ಅವರ ಮಾತನ್ನು ಅವರ ಬಾಯಿಂದ ಬಂದಂತೆಯೇ ಹೇಳುತ್ತೇನೆ. ನೆಟ್ಟಗ ಕಾಲು ಇಲ್ಲದಾಕಿಗೆ ವಾಕಿಂಗ್ ಯಾಕ ಬೇಕಾಗಿತ್ತು? ಈ ಮಾತಿಗಾಗಿಯೂ ಸಮಿತಿಯ ಪರವಾಗಿ ಅವರಿಗೆ ಅನಂತ ವಂದನೆಗಳು.”

ಮತ್ತ ತಡದೆ, ಅವರ ಕಿವ್ಯಾಗ ಇಳಿಯೂ ಮಟಾ. ಸಾಹೇಬರ ಮಾರಿ ಮ್ಯಾಲಿನ ನಗಿ ಹಂಗ ಇತ್ತು, ತಗಿಯಾಕ ಅವರಿಗೆ ಜಾಗಾ ಸಿಗಲಿಲ್ಲ. ಬಾಯಾಗ ಬಿಸಿ ತುಪ್ಪಾ, ನುಂಗಂಗಿಲ್ಲ, ಉಗಳಂಗಿಲ್ಲ. ಸನ್ಮಾನದ ಕುರ್ಚಿ ಮ್ಯಾಲ ಕುಂತಾಂವ ಎದ್ದು ಹೆಂಗ ಬೈದಾನು? ತೊಡೀ ಮ್ಯಾಲ ಹಣ್ಣಿನ ಬುಟ್ಟಿ ಬ್ಯಾರೆ. ಆ ಮಾತಿಗೆ ನಕ್ಕ ಮಂದಿ ಎಲ್ಲಾ ತೆಳಗ ಮಾರಿ ಹಾಕಿ ಕುಂತಿದ್ರು. ನನಗ ಆವಾಗ ಆದ ಸುಖಾ ನಾ ಮುಚ್ಚಿಡಂಗಿಲ್ಲ. ನನ್ನ ಮಕ್ಕಳ ಲಗ್ನದಾಗೂ ನನಗ ಅಷ್ಟು ಸುಖಾ ಆಗಿರಲಿಲ್ಲ.

“ಕೊನೆಯದಾಗಿ, ನಾಳೆ ಬೆಳಿಗ್ಗೆಯೇ ಆ ಗೋಡೆಯನ್ನು ತೆಗೆಸಿ, ಬಾಗಿಲನ್ನು ಮತ್ತೆ ಕೂಡಿಸಿ, ತಾವೇ ಎದುರು ನಿಂತು ಅಕ್ಕೋರನ್ನು ಒಳಗೆ ಬರಮಾಡಿಕೊಳ್ಳಲು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡ ಅಧ್ಯಕ್ಷರಿಗೆ, ಎಲ್ಲರೂ ಜೋರಾದ ಚಪ್ಪಾಳೆಯ ಮೂಲಕ ವಂದನೆ ಸಲ್ಲಿಸೋಣ.”

ಮೊದಲು ಹೊಡದವರು ಕಾರ್ಪೊರೇಟರು. ಅವರಿಗೆ ಚಪ್ಪಾಳಿ ರೂಢಿ, ಕೈ ತಾವ ಕೂಡತಾವ. ಆಮ್ಯಾಲ ವೈನಿ ಪಾತೇಲಿ ಹಂತೇಕಿಂದ ಹೊಡದ್ಳು. ಆಮ್ಯಾಲ ಪೆಂಡಾಲ್ ಪೂರ್ತಿ, ಅಷ್ಟು ಹೊತ್ತು ತೆಳಗ ನೋಡಿದ್ದವರು ಎಲ್ಲಾರಿಗಿಂತ ಜೋರಾಗಿ. ಸಾಹೇಬರೂ ಹೊಡದ್ರು. ಹೊಡೀಲಾರದ ಏನು ಮಾಡ್ಯಾರು? ಇಲ್ಲಿಗೆ ಕಾರ್ಯಕ್ರಮ ಮುಕ್ತಾಯವಾಯಿತು ಅಂತ ಹೇಳಿ ಮೈಕ್ ಬಂದ್ ಮಾಡಿದೆ. ವೈನಿ ಮುಚ್ಚಳಾ ತಗದ್ಳು.

ಉಪ್ಪಿಟ್ಟಿನ ಪ್ಲೇಟ್ ಹಿಡಕೊಂಡು ಸಾಹೇಬ್ರು ನನ್ನ ಹುಡಕಿಕೊಂಡು ಬಂದ್ರು. ಪೇಟಾ ಇನ್ನೂ ತಲೀ ಮ್ಯಾಲ ಇತ್ತು. ನಾ ಯಾವಾಗ ಒಪ್ಪಿಕೊಂಡಿದ್ದೆ ಅಂತ ಹಲ್ಲು ಕಡದು ಕೇಳಿದ್ರು. ನಾ ಅವರ ಪ್ಲೇಟಿಗೆ ಇನ್ನೊಂದು ಮಿರ್ಚಿ ಹಾಕಿದೆ.

“ಸಭಾದ ನಿರ್ಣಯ ಸಾಹೇಬ್ರ. ಚಪ್ಪಾಳಿ ಬಿದ್ದೈತಿ.”

ಮರುದಿನಾ ಮುಂಜಾನೆ ಗ್ವಾಡಿ ಕಟ್ಟಿದ ಗೌಂಡಿನ ಬಂದು ಗ್ವಾಡಿ ಒಡದ. ಕಾರ್ಪೊರೇಟರ ಕಡೆಯಿಂದ ಫೋನ್ ಬಂದಿತ್ತಂತ, ಫೋಟೋ ತಗಿಯಾಕ ಬರತೇವಿ ಅಂತ. ಅದಕ್ಕ ಸಾಹೇಬ್ರು ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಲದಾಗ ನಿಂತಿದ್ರು. ಸುತ್ತ ಇಟ್ಟಂಗಿ ಧೂಳಾ. ಅಕ್ಕೋರ ಗಾಲಿ ಕುರ್ಚಿ ಬಂದಾಗ ಬರ್ರಿ ಅಕ್ಕೋರ ಅಂದ್ರು. ಅಕ್ಕೋರು ಕುರ್ಚಿ ನಿಂದ್ರಿಸಿ ಅವರನ್ನ ಮ್ಯಾಲಿಂದ ತೆಳಗ ನೋಡಿದ್ರು.

“ಹುಲ್ಲು ತುಳೀತೇನಿ ಅಂತ ಅಂಜಬ್ಯಾಡ್ರಿ. ಇನ್ನ ತುಳಿಯಾಕ ನನಗ ಕಾಲಿಲ್ಲ.”

ಅದು ಖರೇನ ಆತು. ಎಲವು ಕೂಡಿತು, ಆದ್ರ ಮಲಗಿ ಮಲಗಿ ಎಡಗಾಲು ಪೂರ್ತಿ ಹೋತು. ಡಾಕ್ಟರು ಮೊದಲ ಹೇಳಿದ್ರು, ಕುಂತ್ರ ಹೋತು ಅಂತ. ಬಾಗಲಾ ಬಂತು, ಅದರಾಗಿಂದ ನಡದು ಬರೋರು ಬರಲಿಲ್ಲ. ಅವರು ಬಿದ್ದ ದಿನಾ ದವಾಖಾನ್ಯಾಗಿಂದ ನಾ ತಂದ ಕೋಲು ಇನ್ನೂ ನನ್ನ ಮನ್ಯಾಗ ಐತಿ, ಬೇಕಂದಾಗ ಕೊಡು ಅಂದಿದ್ರು, ಅವರು ಕೇಳಿಲ್ಲ. ಅದನ್ನ ನೋಡಿದಾಗೆಲ್ಲಾ ನನಗ ಸಾಹೇಬರ ಮ್ಯಾಲ ಸಿಟ್ಟು ಹೊಸದಾಗಿ ಬರತೈತಿ. ಸಾಕು ಬಿಡು, ಗೆದ್ದಿಯಲ್ಲ ಅಂತ ಮನಿಯವರು ಅಂತಾರ. ಏನು ಗೆದ್ದೆ ನಾನು?

ಮುಂದಿನ ಸಲ ಸಮಿತಿ ಹೊಸದಾಗಿ ಆದಾಗ ಅಧ್ಯಕ್ಷಳು ನಾನಾದೆ. ವೈನಿ ನನ್ನ ಹೆಸರು ಹೇಳಿದ್ಳು, ಚಪ್ಪಾಳಿ ಬಿತ್ತು. ಸಾಹೇಬ್ರು ಬಿಟ್ಟು ಹೋಗತಾರ ಅಂತ ಮಂದಿ ಅನ್ಕೊಂಡಿದ್ರು. ಹೋಗಲಿಲ್ಲ, ಮೈಕ್ ಇಲ್ಲದ ಅವರಿಗೆ ಊಟಾ ಸೇರಂಗಿಲ್ಲ. ತಮಗ ಏನರ ಜವಾಬ್ದಾರಿ ಕೊಡ್ರಿ ಅಂತ ಕೇಳಿದ್ರು. ನಾ ಭಾಳ ವಿಚಾರಾ ಮಾಡಿದಂಗ ಮಾಡಿ ವಂದನಾರ್ಪಣೆ ಕೊಟ್ಟೆ. ಒಂದು ಶರತ್ತು ಹಾಕಿದೆ, ಮೊದಲನೇ ವಂದನಾ ಅಕ್ಕೋರಿಗೆ, ಉದ್ಯಾನದ ಬಾಗಲಾ ತಮ್ಮ ಕಾಲು ಕೊಟ್ಟು ತಗಿಸಿದವರು ಅಂತ ಹೇಳಿ. ಅದಕ್ಕೂ ಚಪ್ಪಾಳಿ ಹೊಡಸಿ ಪಾಸ್ ಮಾಡಿಸಿದೆ.

ಮೊದಲನೇ ಸಲ ಅವರು ಮೈಕ್ ಮುಂದ ನಿಂತಾಗ ಅಕ್ಕೋರು ಎಂದಿನಂಗ ಮೊದಲನೇ ಸಾಲಿನ್ಯಾಗ ಇದ್ರು. ಸಾಹೇಬ್ರು ತೆಳಗ ನೋಡಕೋತ, ಬಸ್ಸು ತಪ್ಪತೈತಿ ಅನ್ನೋರ ಗತೆ ಗಡಬಡಿಸಿ ಒಂದು ಸಾಲು ಅಂದು ಮುಂದಿನ ಹೆಸರಿಗೆ ಹೊಂಟಿದ್ರು. ಅಕ್ಕೋರು ಕೈ ಎತ್ತಿದ್ರು, ಸಾಲ್ಯಾಗ ಎತ್ತತಾರಲ್ಲ ಹಂಗ.

“ಕೇಳಸಲಿಲ್ರಿ. ನನ್ನ ಮಾರಿ ನೋಡಿ ಇನ್ನೊಮ್ಮೆ ಹೇಳ್ರಿ.”

ಸಾಹೇಬ್ರು ಪಾತೇಲಿ ಕಡೆ ನೋಡಿದ್ರು. ಮಂದಿನೂ ನೋಡಿದ್ರು. ಮುಚ್ಚಳದ ಮ್ಯಾಲ ಕೈ ಇಟಗೊಂಡು ನಿಂತಿದ್ದ ವೈನಿ ನನ್ನ ನೋಡಿದ್ಳು. ನಾ ಇನ್ನೂ ತಡಿ ಅಂತ ಕೈ ಮಾಡಿದೆ. ಸಾಹೇಬ್ರು ಅಕ್ಕೋರ ಕಡೆ ತಿರುಗಿ ಇನ್ನೊಮ್ಮೆ ಹೇಳಿದ್ರು.